ನಲವತ್ತೊಂದನೇ ಬೋರ್ಡು

ಚೆಸ್ ಟೂರ್ನಿಯ ಕೊನೆಯ ಸುತ್ತಿನ ಪೇರಿಂಗ್ ಬಂದಾಗ ರಾತ್ರಿ ಹತ್ತೂವರೆ. ಮೈಸೂರಿನ ಬಸ್ ನಿಲ್ದಾಣದ ಹಿಂದಿನ ಲಾಡ್ಜೊಂದರಲ್ಲಿ ಸಾಗರದ ಇಬ್ಬರು ಅಕ್ಕಪಕ್ಕದ ಮಂಚಗಳಲ್ಲಿ ಕಾಲು ಚಾಚಿದ್ದರು. ಒಬ್ಬರು ಹೈಸ್ಕೂಲಿನ ಗಣಿತದ ಮೇಷ್ಟ್ರು, ಇನ್ನೊಬ್ಬರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು. ಮೇಷ್ಟ್ರು ಕನ್ನಡಕಕ್ಕೆ ತಡಕಾಡುವಷ್ಟರಲ್ಲಿ ರೈಟರು ಮೊಬೈಲು ನೋಡಿ ಎದ್ದು ಕೂತರು.

“ನಲವತ್ತೊಂದನೇ ಬೋರ್ಡು. ನಂಗೆ ಬಿಳಿ.”

“ಎದುರಿಗೆ ಯಾರು?”

“ನೀವೇ ಮಾರಾಯ್ರೇ.”

ಎಂಟು ಸುತ್ತು ಮುಗಿದು ಇಬ್ಬರದೂ ಐದೈದು ಅಂಕ. ಸ್ವಿಸ್ ಪದ್ಧತಿಯಲ್ಲಿ ಸಮ ಅಂಕದವರನ್ನು ಜೋಡಿಸುತ್ತ ಹೋಗುವ ಕಂಪ್ಯೂಟರಿಗೆ ಯಾರದು ಯಾವ ಊರು, ಯಾರು ಯಾರ ಬುತ್ತಿಯ ಚಪಾತಿ ತಿಂದುಕೊಂಡು ಬಂದರು ಎಂಬುದೆಲ್ಲ ಬೇಕಿಲ್ಲ. ತಾಳಗುಪ್ಪದ ರಾತ್ರಿ ರೈಲಿನಲ್ಲಿ ಎದುರುಬದುರು ಬರ್ತ್ ಹಿಡಿದು ಬಂದವರನ್ನು ಅದು ಬೋರ್ಡಿನ ಮುಂದೆಯೂ ಎದುರುಬದುರು ಕೂರಿಸಿತು.

ಆ ರಾತ್ರಿಯ ಕತೆಯನ್ನು ಮರುದಿನ ಇಬ್ಬರೂ ನನಗೆ ಪೈಪೋಟಿಯ ಮೇಲೆ ಹೇಳಿದರು. ದಿನಾ ಮಲಗುವ ಮುಂಚೆ ಮಂಚದ ಮೇಲೆ ಬೋರ್ಡು ಹಾಸಿ ಅಂದಿನ ಆಟ ಕೆದಕುತ್ತಿದ್ದವರು ಅವತ್ತು ಬೋರ್ಡನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಮೇಷ್ಟ್ರು ಗೋಡೆ ಕಡೆ ಹೊರಳಿ ಬೇಗ ಕಣ್ಣು ಮುಚ್ಚಿದರು. ಮೊಬೈಲು ಹಿಡಿದು ಬಚ್ಚಲಿಗೆ ಹೋದ ರೈಟರು ಅರ್ಧ ಗಂಟೆ ಹೊರಗೆ ಬರಲಿಲ್ಲ. ಹೊಟ್ಟೆ ಸರಿಯಿರಲಿಲ್ಲ ಎಂಬುದು ರೈಟರ ವಾದ. “ಹೊಟ್ಟೆನೋವಿಗೆ ಯೂಟ್ಯೂಬ್ ಹಚ್ಚಿಕೊಳ್ತಾರೇನ್ರೀ? ಕೆರೋಕಾನ್ ಕೆರೋಕಾನ್ ಅಂತ ಕೇಳಿಸ್ತಿತ್ತು” ಎಂಬುದು ಮೇಷ್ಟ್ರ ಸಾಕ್ಷಿ.

ಟೂರ್ನಿ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಮೇ ತಿಂಗಳು, ಲಗ್ನಗಳ ನಡುವೆ ನಾಲ್ಕು ದಿನ ಬಿಡುವು ಸಿಕ್ಕಿದ್ದೇ ಹೆಚ್ಚು. ಹಿಂದಿನ ಮದುವೆಯ ಥರ್ಮಾಕೋಲ್ ಹಂಸಗಳು ವೇದಿಕೆಯ ಮೂಲೆಯಲ್ಲಿ ಇನ್ನೂ ಕತ್ತು ಬಾಗಿಸಿ ನಿಂತಿದ್ದವು. ಹಂಸಗಳ ಮುಂದೆ ಮುಖ್ಯ ತೀರ್ಪುಗಾರರ, ಅಂದರೆ ಆರ್ಬಿಟರರ ಮೇಜು, ಅದರ ಮೇಲೆ ಲ್ಯಾಪ್‌ಟಾಪು, ಪ್ರಿಂಟರು, ಒಂದು ತಟ್ಟೆ ಕಡಲೆಬೀಜ. ಕೆಳಗೆ ಊಟದ ಉದ್ದ ಮೇಜುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಸಿರು ಬಿಳಿ ಚೌಕದ ವಿನೈಲ್ ಹಾಳೆ ಹಾಸಿದ್ದರು. ಸುರುಳಿ ಬಿಚ್ಚಿದ ಹಾಳೆಗಳ ಅಂಚು ಮೇಲಕ್ಕೆ ಮುದುರುತ್ತಿತ್ತು. ಅದನ್ನು ಒತ್ತಿ ಹಿಡಿಯಲು ಮಕ್ಕಳು ನೀರಿನ ಬಾಟಲಿ ಇಡುವುದು, ಆರ್ಬಿಟರ್ ಬಂದು ಅದನ್ನು ಕೆಳಗಿಡಿಸುವುದು ನಾಲ್ಕು ದಿನವೂ ನಡೆದೇ ಇತ್ತು.

ಮೊದಲ ಹತ್ತು ಬೋರ್ಡುಗಳಿಗೆ ಮರದ ಕಾಯಿ, ಸುತ್ತ ಹಗ್ಗ, ನೆಟ್ಟಗೆ ಫ್ಯಾನಿನ ಗಾಳಿ. ಅಲ್ಲಿಂದಾಚೆಗೆ ಎಲ್ಲರಿಗೂ ಪ್ಲಾಸ್ಟಿಕ್ ಕಾಯಿ. ನಲವತ್ತೊಂದನೆಯದು ಕಂಬದ ಪಕ್ಕ, ಅಡುಗೆಮನೆ ಬಾಗಿಲಿಗೆ ಮೂರು ಮಾರು ದೂರ. ಹನ್ನೊಂದರ ಹೊತ್ತಿಗೆ ಅಲ್ಲಿ ಸಾಂಬಾರಿನ ಒಗ್ಗರಣೆಯ ಘಾಟು ಬರುತ್ತದೆ. ಬಲಕ್ಕೆ ನಲವತ್ತರಲ್ಲಿ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂತ ಒಂಬತ್ತು ವರ್ಷದ ಹುಡುಗಿ, ಅವಳೆದುರು ಬೆವರು ಒರೆಸಿಕೊಳ್ಳುತ್ತಿದ್ದ ಬ್ಯಾಂಕ್ ಅಧಿಕಾರಿ. ಎಡಕ್ಕೆ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ದೇಶದ ಯಾವುದೇ ರೇಟೆಡ್ ಟೂರ್ನಿಗೆ ಹೋಗಿ, ಮಧ್ಯದ ಸಾಲು ಹೀಗೇ ಇರುತ್ತದೆ: ಅರ್ಧ ಮಕ್ಕಳು, ಅರ್ಧ ಮಕ್ಕಳಿಗೆ ಸೋಲಲು ಹೆದರುವ ದೊಡ್ಡವರು. ಒಳಗಿನವರ ಫೋನುಗಳೆಲ್ಲ ಬಾಗಿಲ ಬಳಿ ಟೋಕನ್ ಹಾಕಿದ ಲಕೋಟೆಗಳಲ್ಲಿ. ಹೊರಗೆ ಚಪ್ಪರದಡಿ ಅಪ್ಪ ಅಮ್ಮಂದಿರು ಮೊಸರನ್ನದ ಡಬ್ಬಿ ಹಿಡಿದು, ಬಾಗಿಲ ಕಡೆಯೇ ಕಣ್ಣಿಟ್ಟು ಕೂತಿದ್ದರು. ಹೊರಬರುವ ಮಗುವಿನ ಮುಖ ನೋಡಿಯೇ ಫಲಿತಾಂಶ ಹೇಳುವುದರಲ್ಲಿ ಅವರು ಪಳಗಿದ್ದಾರೆ. ಗೆಲುವು, ಸೋಲು ಕೂಡಲೇ ತಿಳಿಯುತ್ತದೆ. ಡ್ರಾ ಮಾಡಿಕೊಂಡು ಬಂದ ಮಗುವನ್ನು ಮಾತ್ರ ಕೇಳಿಯೇ ತಿಳಿಯಬೇಕು.

ಮೈಸೂರಿಗೆ ಚದುರಂಗ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ 64 ಮನೆಗಳಲ್ಲೂ ಒಂದೊಂದು ಸಲ ಓಡಿಸುವ ಬಂಧಗಳನ್ನು ರಚಿಸುತ್ತಿದ್ದವರು. ಮಣೆಯಾಟಗಳೆಂದರೆ ಅವರಿಗೆ ಎಷ್ಟು ಹುಚ್ಚೆಂದರೆ ಶ್ರೀತತ್ತ್ವನಿಧಿಯಲ್ಲಿ ಅದಕ್ಕೆಂದೇ ಕೌತುಕನಿಧಿ ಎಂಬ ಭಾಗವಿದೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಇದೇ ಊರಿನವರು. 2017ರಲ್ಲಿ ಆ ಪಟ್ಟ ಬಂತು. ನಮ್ಮ ಇಬ್ಬರು ಸಾಗರದವರಿಗೆ ಇಂಥ ಯಾವ ಪಟ್ಟದ ಆಸೆಯೂ ಇಲ್ಲ. ರೈಟರ ರೇಟಿಂಗ್ 1588, ಮೇಷ್ಟ್ರದು 1541. ಅದರಲ್ಲೂ ಒಂದಿಷ್ಟು ಪುಕ್ಕಟೆ ಬಂದದ್ದು. 2024ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 2000ಕ್ಕಿಂತ ಕೆಳಗಿನವರ ರೇಟಿಂಗ್‌ಗಳನ್ನೆಲ್ಲ ಒಂದೇ ಸಲಕ್ಕೆ ಎತ್ತಿತು. 1300 ಇದ್ದವರು ಬೆಳಗಾಗುವಷ್ಟರಲ್ಲಿ 1580 ಆದರು. ಊರಿನ ಕ್ಲಬ್ಬಿನಲ್ಲಿ ಅವತ್ತು ಪೇಡ ಹಂಚಿದ್ದರಂತೆ.

ಪೇರಿಂಗ್ ಹಾಳೆ ನೋಡಿದ ಎಲ್ಲರೂ ಒಂದೇ ಮಾತು ಹೇಳಿದರು: ಇವರದು ಹತ್ತು ನಿಮಿಷದ ಆಟ. ಸ್ನೇಹಿತರು, ಒಂದೇ ಊರು, ಕೊನೆಯ ಸುತ್ತು; ಕೈಕುಲುಕಿ ಇಡ್ಲಿ ತಿನ್ನಲು ಹೋಗುತ್ತಾರೆ. ಇಂಥದ್ದು ನಡೆಯುತ್ತದೆ ಎಂದೇ ಹಲವು ಟೂರ್ನಿಗಳಲ್ಲಿ ಇಂತಿಷ್ಟು ನಡೆಗೆ ಮುಂಚೆ ಡ್ರಾ ಒಪ್ಪಿಕೊಳ್ಳುವಂತಿಲ್ಲ ಎಂದು ಬರೆದು ಹಾಕುತ್ತಾರೆ. ಇಲ್ಲಿ ಅದು ಮೂವತ್ತು ನಡೆ. ಆದರೆ ನಲವತ್ತೊಂದನೇ ಬೋರ್ಡಿನ ಕತೆ ಬೇರೆ. 1600ರ ಒಳಗಿನವರಿಗೆ ಪ್ರತ್ಯೇಕ ಬಹುಮಾನವಿತ್ತು. ಆರು ಅಂಕ ಮುಟ್ಟಿದವರಿಗೆ ಅದರಲ್ಲಿ ಒಂದು ಪಾಲು ಖಂಡಿತ. ಐದೂವರೆ ಮಾಡಿಕೊಂಡರೆ ಇಬ್ಬರಿಗೂ ಏನಿಲ್ಲ. ದುಡ್ಡು ದೊಡ್ಡದಲ್ಲ, ರೈಲು, ಲಾಡ್ಜು, ಎಂಟ್ರಿ ಫೀ ಕಳೆದರೆ ಉಳಿಯುವುದು ಮನೆಯವರಿಗೆ ತೋರಿಸಲಷ್ಟೆ. ಆದರೆ ಮನೆಯವರಿಗೆ ತೋರಿಸುವುದು ಸಣ್ಣ ವಿಷಯವೂ ಅಲ್ಲ.

ಒಂಬತ್ತಕ್ಕೆ ಗಡಿಯಾರ ಒತ್ತಿದರು. ತಲಾ ತೊಂಬತ್ತು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡು ಮೇಲೆ. ರೈಟರು ಡಿ4 ಆಡಿ, ಎರಡನೇ ನಡೆಗೇ ಒಂಟೆಯನ್ನು ಎಫ್4ಕ್ಕೆ ತಂದರು. ಲಂಡನ್ ಸಿಸ್ಟಮ್, 1922ರ ಲಂಡನ್ ಟೂರ್ನಿಯಿಂದ ಬಂದ ಹೆಸರು. ದಿನವಿಡೀ ದುಡಿದು ಸಂಜೆ ಚೆಸ್ ಆಡುವವರ ಪಾಲಿಗೆ ಇದು ವರ. ಎದುರಾಳಿ ಏನೇ ಮಾಡಲಿ, ಬಿಳಿಯವರು ಅದೇ ಐದಾರು ನಡೆಗಳನ್ನು ಅದೇ ಮನೆಗಳಿಗೆ ಇಟ್ಟುಕೊಂಡು ಹೋಗಬಹುದು. ರೈಟರು ಹದಿನೈದು ವರ್ಷದಿಂದ ಬೇರೇನೂ ಆಡಿಲ್ಲ. ಅದು ಮೇಷ್ಟ್ರಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತೆಂಬುದು ರೈಟರಿಗೂ ಗೊತ್ತು. (ಹಾಗಾದರೆ ಬಚ್ಚಲಲ್ಲಿ, ಕಪ್ಪಿನವರು ಇ4ಕ್ಕೆ ಉತ್ತರವಾಗಿ ಆಡುವ ಕೆರೋಕಾನ್ ಯಾಕೆ ನೋಡಿದರು ಎಂದು ಆಮೇಲೆ ಕೇಳಿದಾಗ, ಮೇಷ್ಟ್ರ ಕಿವಿಗೆ ಬೀಳಲಿ ಅಂತಲೇ ಎಂದರು. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು.)

ಮೊದಲ ಏಳು ನಡೆಗಳಿಗೆ ಏಳು ನಿಮಿಷವೂ ಹಿಡಿಯಲಿಲ್ಲ. ಮೇಷ್ಟ್ರು ಮಂತ್ರಿಯನ್ನು ಬಿ6ಕ್ಕೆ ತಂದರು, ರೈಟರು ತಮ್ಮ ಮಂತ್ರಿಯನ್ನು ಬಿ3ಕ್ಕೆ ತಂದು ಎದುರು ನಿಲ್ಲಿಸಿದರು. ಮೇಷ್ಟ್ರು ಸಿ ಸಿಪಾಯಿಯನ್ನು ಒಂದು ಮನೆ ನೂಕಿದರು, ಮಂತ್ರಿಗೆ ಮಂತ್ರಿ ಹೋಯಿತು. ಕಪ್ಪಿನ ಎರಡು ಸಿಪಾಯಿಗಳು ಬಿ ಸಾಲಿನಲ್ಲಿ ಒಂದರ ಹಿಂದೊಂದು ನಿಂತವು, ಅದಕ್ಕೆ ಬದಲಾಗಿ ಕಪ್ಪು ಆನೆಯ ಮುಂದೆ ಎ ಸಾಲು ತೆರೆಯಿತು. ಕ್ಲಬ್ಬಿನಲ್ಲಿ ನೂರಾರು ಸಲ ಬಂದ ನಿಲುವು. ಮೇಷ್ಟ್ರು ಮುಂದಿನ ಸಿಪಾಯಿಯನ್ನು ಬಿ5ಕ್ಕೆ ತಂದರು. ಈಗ ಬಿಳಿಯವರು ಎ3 ಆಡಿ ಅದನ್ನು ತಡೆಯಬೇಕು; ಯಾವಾಗಲೂ ತಡೆಯುತ್ತಾರೆ. ಅವತ್ತು ರೈಟರು ಒಂಟೆಯನ್ನು ಇ2ಕ್ಕೆ ಸರಿಸಿ ಗಡಿಯಾರ ಒತ್ತಿದರು.

ಮೇಷ್ಟ್ರು ಹದಿನೆಂಟು ನಿಮಿಷ ಯೋಚಿಸಿದರು.

ಬಿ ಸಿಪಾಯಿಯನ್ನು ಇನ್ನೊಂದೇ ಮನೆ ನೂಕಿದ್ದರೆ ಬಿಳಿಯ ಕೋಟೆಯ ಒಂದು ಮೂಲೆ ಕುಸಿಯುತ್ತಿತ್ತು. ಬಿಳಿ ಅದನ್ನು ಹೊಡೆದರೆ ಕಪ್ಪು ಕುದುರೆ ಬಿ4ಕ್ಕೆ ಬಂದು, ಅಲ್ಲಿಂದ ಸಿ2ಕ್ಕೆ ಹಾರಿ ರಾಜನಿಗೂ ಆನೆಗೂ ಒಟ್ಟಿಗೆ ಕೈಹಾಕುತ್ತದೆ; ಇತ್ತ ಎ ಸಾಲಿನಲ್ಲಿ ಆನೆ ಕಾದು ಕೂತಿರುತ್ತದೆ. ಮೇಷ್ಟ್ರು ಇದನ್ನೆಲ್ಲ ನೋಡಿದ್ದರು. ಬೆರಳು ಸಿಪಾಯಿಯ ಕಡೆ ಹೊರಟು ಗಾಳಿಯಲ್ಲೇ ನಿಂತಿತು. ಮುಟ್ಟಿದರೆ ಆಡಲೇಬೇಕು. ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಎದುರು ಕೂತವರ ಮುಖ ಒಮ್ಮೆ ನೋಡಿ, ಇ6 ಆಡಿದರು. ಮರುನಡೆಯಲ್ಲೇ ರೈಟರು ಎ3 ಆಡಿ ಬಾಗಿಲು ಹಾಕಿಕೊಂಡರು.

ಆ ಹದಿನೆಂಟು ನಿಮಿಷದಲ್ಲಿ ಏನು ನಡೆಯಿತೆಂದು ಮೇಷ್ಟ್ರೇ ವಿವರಿಸಿದರು: “ಈ ಮನುಷ್ಯ ಎ3 ಮರೆಯೋ ಗಿರಾಕಿ ಅಲ್ಲ. ಮರ್ತಿದಾನೆ ಅಂದ್ರೆ ಏನೋ ಇಟ್ಟಿದಾನೆ. ಹುಡುಕಿದೆ ಹುಡುಕಿದೆ, ಸಿಗಲಿಲ್ಲ. ಸಿಗದೇ ಇದ್ದಿದ್ದಕ್ಕೇ ಇನ್ನೂ ಹೆದರಿಕೆ ಆಯ್ತು.” ಗುರುತಿಲ್ಲದ ಹುಡುಗನೊಬ್ಬ ಅದೇ ನಡೆ ಆಡಿದ್ದರೆ ಮೇಷ್ಟ್ರು ಅರ್ಧ ನಿಮಿಷದಲ್ಲಿ ಸಿಪಾಯಿ ನೂಕಿ ಆಟ ಗೆಲ್ಲುತ್ತಿದ್ದರೋ ಏನೋ. ಅವರು ಬೋರ್ಡಿನ ಮೇಲಿದ್ದುದನ್ನು ಬಿಟ್ಟು ಹದಿನೈದು ವರ್ಷದ ಪರಿಚಯದ ಮೇಲೆ ಆಡಿದರು.

ಅಲ್ಲಿಂದ ಮುಂದಿನ ಎರಡು ಗಂಟೆ ಬರೆಯುವಂಥದ್ದೇನಲ್ಲ. ಕುದುರೆಗೆ ಕುದುರೆ, ಒಂಟೆಗೆ ಒಂಟೆ ಹೋದವು. ಮೂವತ್ತು ನಡೆ ಕಳೆದಾಗ ರೈಟರು ತಲೆಯೆತ್ತಿ ನೋಡಿದರು, ಮೇಷ್ಟ್ರು ಬೋರ್ಡಿನಿಂದ ಕಣ್ಣೆತ್ತಲಿಲ್ಲ. ಡ್ರಾ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ನಲವತ್ತರ ಸುಮಾರಿಗೆ ಕಪ್ಪಿನ ಆ ಜೋಡಿ ಸಿಪಾಯಿಗಳು ಒಂದೊಂದಾಗಿ ಉದುರಿದವು. ಪಕ್ಕದ ಬೋರ್ಡಿನ ಹುಡುಗಿ ಬ್ಯಾಂಕಿನವರನ್ನು ಸೋಲಿಸಿ, ದಿಂಬು ಬಗಲಲ್ಲಿ ಹಿಡಿದು ಓಡಿದಳು. ಹನ್ನೊಂದೂವರೆಗೆ ಅಡುಗೆಮನೆಯಿಂದ ಇಂಗು ಸಾಸಿವೆಯ ಘಾಟು ಬಂತು, ಮೇಷ್ಟ್ರು ಸೀನಿದರು, ರೈಟರು ಜೇಬಿನಿಂದ ಕರ್ಚೀಫು ತೆಗೆದುಕೊಟ್ಟರು. ಎದುರಾಳಿಗಳ ನಡುವೆ ನಾಲ್ಕು ಗಂಟೆಯಲ್ಲಿ ನಡೆದ ಕೊಡುಕೊಳ್ಳುವಿಕೆ ಅದೊಂದೇ.

ಆಟ ಕಣ್ಣಿಗೆ ಕಾಣಿಸತೊಡಗಿದ್ದು ಐವತ್ತರ ನಂತರ. ತಲಾ ಒಂದು ಆನೆ. ಬಿಳಿಗೆ ಡಿ ಸಾಲಿನಲ್ಲಿ ತಡೆಯಿಲ್ಲದ ಸಿಪಾಯಿ. ಅಂಚಿನ ಎಚ್ ಸಾಲಿನಲ್ಲಿ ಎರಡೂ ಕಡೆಗೆ ಒಂದೊಂದು. ಮಂಟಪದಲ್ಲಿ ಅರ್ಧಕ್ಕರ್ಧ ಬೋರ್ಡು ಖಾಲಿ. ಆಟ ಮುಗಿಸಿದವರು ಒಬ್ಬೊಬ್ಬರಾಗಿ ಕಂಬದ ಸುತ್ತ ಸೇರಿದರು. ನಾನೂ ಸೇರಿದೆ. ಹಿಂದಿನಿಂದ ಯಾರೋ ಪಿಸುಗುಟ್ಟಿದರು: “ರೂಕ್ ಎಂಡಿಂಗ್ ಅಲ್ವಾ, ಡ್ರಾನೇ ಬಿಡಿ.”

ಹೀಗೆ ಹೇಳುವುದು ಸುಲಭ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಹದಿನಾಲ್ಕನೇ ಆಟವನ್ನೂ ಜಗತ್ತು ಹೀಗೇ ಡ್ರಾ ಎಂದು ಬರೆದಿಟ್ಟಿತ್ತು. ಐವತ್ತೈದನೇ ನಡೆಯಲ್ಲಿ ಡಿಂಗ್ ಲಿರೆನ್ ಎಡವಿ ಆನೆಯನ್ನು ಎಫ್2ಕ್ಕೆ ಇಟ್ಟರು. ಹದಿನೆಂಟರ ಗುಕೇಶ್ ಒಂದು ಕ್ಷಣ ನಂಬಲಾರದೆ ನೀರು ಕುಡಿದು, ವಿಶ್ವ ಚಾಂಪಿಯನ್ ಆದರು. ಡ್ರಾ ಆಗಬೇಕಾದ ಆಟವನ್ನು ಡ್ರಾ ಮಾಡುವುದೂ ಕೆಲಸವೇ, ಯಾರಾದರೂ ಕೂತು ಮಾಡಬೇಕು.

ಇಲ್ಲಿ ಕೆಲಸ ಮೇಷ್ಟ್ರದು, ಮತ್ತು ಅದು ಆಗಲೇ ಕೆಟ್ಟಿತ್ತು. ಅವರ ರಾಜ ಜಿ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ. ಬಿಳಿ ಆನೆ ಎಫ್ ಸಾಲಿನಲ್ಲಿ, ತೋಟಕ್ಕೆ ದನ ನುಗ್ಗದಂತೆ ಕಟ್ಟಿದ ಬೇಲಿಯಾಗಿ ನಿಂತಿತ್ತು. ಸಿಪಾಯಿ ನಡೆಯುವುದು ಡಿ ಸಾಲಿನಲ್ಲಿ. ತಡೆಯಬೇಕಾದ ರಾಜ ಮೂರು ಸಾಲು ಆಚೆ. ಬೇಲಿ ಹಾಗೇ ಇದ್ದು, ಬಿಳಿ ರಾಜ ಸಿಪಾಯಿಯ ಪಕ್ಕ ಹೆಜ್ಜೆ ಹಾಕಿದ್ದರೆ ಇನ್ನು ಹದಿನೈದು ಇಪ್ಪತ್ತು ನಡೆಯಲ್ಲಿ ಮುಗಿಯುತ್ತಿತ್ತು. ಸುತ್ತ ನಿಂತವರಲ್ಲಿ ಮೂರ್ನಾಲ್ಕು ಮಂದಿಗೆ ಅದು ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಗೊತ್ತಿರುವವರ ಮುಖ ನೋಡಬೇಕು. ತುಟಿ ಬಿಗಿದು, ಸೂರಿನ ಫ್ಯಾನು ನೋಡುತ್ತಾರೆ, ಕಣ್ಣಿನಲ್ಲಿ ಉತ್ತರ ಸೋರಿಹೋದೀತೆಂದು.

ರೈಟರ ಗಡಿಯಾರದಲ್ಲಿ ಆರು ನಿಮಿಷ ಉಳಿದಿತ್ತು. ಅವರ ಕಣ್ಣು ಎಚ್ ಸಾಲಿನ ಕಪ್ಪು ಸಿಪಾಯಿಯ ಮೇಲೆ. ಕಾವಲಿಲ್ಲದ್ದು, ಕೈಗೆಟಕುವಲ್ಲಿ ಇರುವುದು. ಮಂಡಿಯಲ್ಲಿ ಮೂವತ್ತು ವರ್ಷ ತೂಕದ ಲೆಕ್ಕ ಬರೆದವರಿಗೆ ಒಂದು ಸಿಪಾಯಿ ಹೆಚ್ಚೆಂದರೆ ಹೆಚ್ಚೇ. ಆನೆ ಎತ್ತಿದರು, ಎಫ್ ಸಾಲು ಬಿಟ್ಟರು, ಸಿಪಾಯಿ ತಿಂದರು.

ಕಂಬದ ಹತ್ತಿರ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಮೇಷ್ಟ್ರು ಅದಕ್ಕೂ ಕಾಯಲಿಲ್ಲ. ರಾಜ ಒಂದು ಹೆಜ್ಜೆ ಎಫ್ ಸಾಲಿಗೆ, ಮತ್ತೊಂದು ಇ ಸಾಲಿಗೆ. ಎರಡೇ ನಡೆ, ಸಿಪಾಯಿಯ ದಾರಿಗೆ ಬಂದೇಬಿಟ್ಟ. ಸ್ವಲ್ಪ ಹೊತ್ತಿಗೆ ಬಿಳಿಯ ಎಚ್ ಸಿಪಾಯಿಯೂ ಹೋಯಿತು. ಈಗ ಬೋರ್ಡಿನ ಮೇಲೆ ಇಬ್ಬರು ರಾಜರು, ಎರಡು ಆನೆ, ಒಂದು ಸಿಪಾಯಿ.

ಈ ಐದು ಕಾಯಿಗಳ ವ್ಯವಹಾರವನ್ನು ಫಿಲಿಡೋರ್ ಎಂಬ ಫ್ರೆಂಚ್ ಮಹಾಶಯ 1777ರಲ್ಲೇ ಬರೆದಿಟ್ಟಿದ್ದಾನೆ. ಹೊಟ್ಟೆಪಾಡಿಗೆ ಆಪೆರಾಗಳಿಗೆ ಸಂಗೀತ ಕಟ್ಟುತ್ತಿದ್ದ, ಕಣ್ಣು ಕಟ್ಟಿಕೊಂಡು ಚೆಸ್ ಆಡಿ ಲಂಡನ್ನಿನವರ ಬಾಯಿ ಮುಚ್ಚಿಸಿದ್ದ. ಅವನ ಉಪಾಯ ಸರಳ. ರಾಜ ಸಿಪಾಯಿಯ ದಾರಿಗೆ ಅಡ್ಡ ಕೂರಲಿ. ಆನೆ ಆರನೇ ಅಡ್ಡಸಾಲು ಬಿಟ್ಟು ಕದಲದಿರಲಿ. ಎದುರಾಳಿಯ ರಾಜನಿಗೆ ಆ ಸಾಲಿಗೆ ಕಾಲಿಡಲು ಆಗುವುದಿಲ್ಲ. ಬೇಸತ್ತು ಸಿಪಾಯಿಯನ್ನೇ ಆ ಸಾಲಿಗೆ ನೂಕಿದ ಗಳಿಗೆ, ಆನೆ ಸರಕ್ಕನೆ ಬೋರ್ಡಿನ ಆ ತುದಿಗೆ ಇಳಿಯಬೇಕು. ಅಲ್ಲಿಂದ ಹಿಂದಿನಿಂದ ಚೆಕ್ ಮೇಲೆ ಚೆಕ್. ಸಿಪಾಯಿ ಮುಂದೆ ಹೋಗಿಬಿಟ್ಟಿರುವುದರಿಂದ ರಾಜನಿಗೆ ತಲೆಮರೆಸಿಕೊಳ್ಳಲು ಜಾಗವಿಲ್ಲ.

ಮೇಷ್ಟ್ರು ಇದನ್ನು ತಮ್ಮ ಶಾಲೆಯ ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದವರು. ಆದರೂ ಕೈ ನಡುಗುತ್ತಿತ್ತು. ಆನೆ ಎಚ್6ರಲ್ಲಿ, ರಾಜ ಡಿ8ರಲ್ಲಿ. ರೈಟರು ತಮ್ಮ ಆನೆಯನ್ನು ಎ7ಕ್ಕೆ ತಂದು ರಾಜನ ಕತ್ತಿನ ಮೇಲಿಟ್ಟರು. ಮೇಷ್ಟ್ರ ಆನೆ ಎಚ್6ರಿಂದ ಜಿ6, ಜಿ6ರಿಂದ ಎಚ್6. ಮತ್ತೆ ಜಿ6, ಮತ್ತೆ ಎಚ್6. ರೈಟರು ಸುತ್ತಿ ಬಂದರು, ಬಳಸಿ ಬಂದರು, ಗಡಿಯಾರದಲ್ಲಿ ಬರೀ ಒಂದೂವರೆ ನಿಮಿಷ. ಕೊನೆಗೆ ಸಿಪಾಯಿಯನ್ನು ಡಿ6ಕ್ಕೆ ನೂಕಿ, ಬೆರಳನ್ನು ಅದರ ನೆತ್ತಿಯ ಮೇಲೆ ಒಂದು ಕ್ಷಣ ಹಾಗೇ ಇಟ್ಟರು. ಮೇಷ್ಟ್ರ ಆನೆ ಎಚ್1ಕ್ಕೆ ಇಳಿಯಿತು. ಬಿಳಿ ರಾಜ ಇ6ಕ್ಕೆ. ಇನ್ನೊಂದೇ ನಡೆ ಸಿಕ್ಕರೆ ಎ8ರಲ್ಲಿ ಚೆಕ್‌ಮೇಟ್. ಸಿಗಲಿಲ್ಲ. ಇ ಸಾಲಿನಿಂದ ಚೆಕ್. ರಾಜ ಡಿ5ಕ್ಕೆ; ಡಿ ಸಾಲಿನಿಂದ ಚೆಕ್. ಸಿ6ಕ್ಕೆ, ಸಿ ಸಾಲಿನಿಂದ ಚೆಕ್. ಮತ್ತೆ ಡಿ5.

ಇಲ್ಲಿ ನಿಂತು ಒಂದು ಮಾತು. ಡ್ರಾ ಆದ ಆಟಕ್ಕೆ ಅರ್ಧ ಅಂಕ ಎಂಬುದು ಮೊದಲಿನಿಂದ ಬಂದದ್ದಲ್ಲ. 1862ರ ಲಂಡನ್ ಟೂರ್ನಿಯಲ್ಲಿ ಡ್ರಾ ಆದರೆ ಲೆಕ್ಕಕ್ಕಿಲ್ಲ, ಗೆಲ್ಲುವ ತನಕ ಮತ್ತೆ ಆಡಬೇಕಿತ್ತು. ಐದು ವರ್ಷದ ಮೇಲೆ, ಸ್ಕಾಟ್ಲೆಂಡಿನ ಡಂಡೀ ಟೂರ್ನಿಯಲ್ಲಿ ಅರ್ಧ ಅಂಕ ಕೊಟ್ಟರು. ಅದಾಗಿ ಮತ್ತೆ ಐದು ವರ್ಷಕ್ಕೆ, 1872ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಹಾಂಪೆ ಎಂಬ ಸರ್ಕಾರಿ ಅಧಿಕಾರಿ ಮತ್ತು ಫಿಲಿಪ್ ಮೈಟ್ನರ್ ಎಂಬ ವಕೀಲ ಆಡಿದ ಆಟವನ್ನು ಚೆಸ್ ಲೋಕ ಇವತ್ತಿಗೂ ಅಮರ ಡ್ರಾ ಎನ್ನುತ್ತದೆ. ಬಿಳಿ ರಾಜನನ್ನು ಹೊರಗೆಳೆಯಲೆಂದು ಮೈಟ್ನರ್ ಮಂತ್ರಿಯನ್ನೇ ಬಲಿಕೊಟ್ಟ. ಆ ರಾಜ ಬೋರ್ಡಿನ ನಡುವಿಗೆ, ಅಲ್ಲಿಂದ ಶತ್ರುವಿನ ಅಂಗಳಕ್ಕೆ ಅಲೆದು, ಕೊನೆಗೆ ಹದಿನೆಂಟನೇ ನಡೆಯಲ್ಲಿ ಒಂಟೆಯ ಚೆಕ್ಕುಗಳ ನಡುವೆ ಬಿ5, ಸಿ6 ಎಂದು ತೂಗಾಡುತ್ತ ನಿಂತ. (ಮೈಟ್ನರನ ಮಗಳು ಲೀಸೆ ಮುಂದೆ ಪರಮಾಣು ಒಡೆಯುವುದನ್ನು ವಿವರಿಸಿದ ಭೌತವಿಜ್ಞಾನಿ, 109ನೇ ಧಾತುವಿಗೆ ಅವಳ ಹೆಸರೇ ಇಟ್ಟಿದ್ದಾರೆ.) ಹಾಂಪೆ, ಮೈಟ್ನರ್ ಇಬ್ಬರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡಿದ್ದವರೇ.

ಗ್ರ್ಯಾಂಡ್‌ಮಾಸ್ಟರುಗಳ ಡ್ರಾ ನನಗೆ ಅಷ್ಟಾಗಿ ರುಚಿಸುವುದಿಲ್ಲ. 2018ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಾರ್ಲ್‌ಸನ್, ಕರುವಾನಾ ಆಡಿದ ಕ್ಲಾಸಿಕಲ್ ಆಟಗಳು ಹನ್ನೆರಡಕ್ಕೆ ಹನ್ನೆರಡೂ ಡ್ರಾ. ಅಲ್ಲಿ ತಪ್ಪಾಗುವುದು ಅಪರೂಪ; ತಪ್ಪಾದರೂ, ತಪ್ಪಿದವನು ಹೇಗೋ ಹಿಡಿದುಕೊಂಡು ಹೊರಬರುತ್ತಾನೆ. ಸಾವಿರದೈನೂರರ ರೇಟಿಂಗಿನವರು ಡ್ರಾ ಮಾಡಿಕೊಳ್ಳಬೇಕೆಂದರೆ ತಪ್ಪುಗಳು ತಕ್ಕಡಿಯ ಎರಡೂ ಕಡೆ ಸರಿತೂಗಬೇಕು. ಒಬ್ಬನು ಗೆಲುವನ್ನು ಬಿಟ್ಟು, ಇನ್ನೊಬ್ಬನು ಅದನ್ನು ಹೆಕ್ಕಿಕೊಂಡು, ಅವನೂ ಕೈಜಾರಿಸಬೇಕು. ಮೇಷ್ಟ್ರು ಬೆಳಗ್ಗೆ ಒಂಬತ್ತೂವರೆಗೆ ಬಿಟ್ಟದ್ದನ್ನು ರೈಟರು ಹನ್ನೆರಡೂವರೆಗೆ ಬಿಟ್ಟರು.

ಈಗ ಬೋರ್ಡಿನ ಮೇಲೆ ಅದೇ ನಿಲುವು ಎರಡು ಸಲ ಬಂದಾಗಿತ್ತು. ಮೂರನೇ ಸಲ ಬರುವ ಹೊತ್ತಿಗೆ ಮೇಷ್ಟ್ರು ಆನೆಯನ್ನು ಮುಟ್ಟಲಿಲ್ಲ. ಪೆನ್ನು ತೆಗೆದು ಸ್ಕೋರ್ ಶೀಟಿನಲ್ಲಿ ನಡೆಯನ್ನು ಬರೆದರು, ಗಡಿಯಾರ ನಿಲ್ಲಿಸಿದರು, ಕೈ ಎತ್ತಿದರು. ನಿಯಮವೇ ಹಾಗೆ: ಒಂದೇ ನಿಲುವು ಮೂರು ಸಲ ಬಂದರೆ ಡ್ರಾ ಕೇಳಬಹುದು, ಆದರೆ ಆಡಿಬಿಟ್ಟರೆ ಕೇಳುವ ಹಕ್ಕು ಹೋಯಿತು, ಬರೆದು, ಆಡದೆ, ಆರ್ಬಿಟರನ್ನು ಕರೆಯಬೇಕು. ಹಕ್ಕು ತಪ್ಪಾಗಿ ಕೇಳಿದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚಿಗೆ ಸಿಗುತ್ತದೆ.

ಆರ್ಬಿಟರ್ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಇಬ್ಬರ ಶೀಟೂ ತೆಗೆದುಕೊಂಡು, ಪಕ್ಕದ ಖಾಲಿ ಬೋರ್ಡಿನ ಮೇಲೆ ಕಾಯಿಗಳನ್ನು ಜೋಡಿಸಿ, ಒಂದೊಂದೇ ನಡೆ ಆಡುತ್ತ ಬಂದಳು.

“ಸರ್, ಎಪ್ಪತ್ತೊಂದನೇ ಮೂವ್ ನಿಮ್ಮದು ಓದೋಕೆ ಆಗ್ತಿಲ್ಲ.”

ರೈಟರು ಬಗ್ಗಿ ನೋಡಿ, “ಅದು ಸಿ6 ಅಮ್ಮಾ. ನನ್ನ ಆರು ಹಾಗೇ ಇರೋದು, ಮಂಡಿ ಬುಕ್ಕಿನಲ್ಲೂ” ಎಂದರು. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಸುತ್ತ ನಿಂತವರು ನಕ್ಕರು. ಅವಳು ಮತ್ತೆ ಎರಡು ಸಲ ಎಣಿಸಿ, “ಹೌದು ಸರ್, ಮೂರು ಸಲ ಆಗುತ್ತೆ. ಡ್ರಾ” ಎಂದಳು. ಶೀಟಿನ ಕೆಳಗೆ ಇಬ್ಬರೂ ಸಹಿ ಹಾಕಿದರು. ರಾಜರಿಬ್ಬರನ್ನೂ ಬೋರ್ಡಿನ ನಡುಮಧ್ಯೆ ತಂದು ನಿಲ್ಲಿಸಿದರು; ಡ್ರಾ ಆದದ್ದಕ್ಕೆ ಗುರುತು. ಗಂಟೆ ಒಂದು ಹತ್ತು.

ರೇಟಿಂಗ್ ಲೆಕ್ಕವನ್ನು ಮೇಷ್ಟ್ರು ಮೆಟ್ಟಿಲಿಳಿಯುತ್ತಲೇ ಮಾಡಿ ಮುಗಿಸಿದರು. ನಲವತ್ತೇಳು ಅಂಕದ ಅಂತರಕ್ಕೆ ರೈಟರಿಂದ ನಿರೀಕ್ಷೆ 0.57, ಬಂದದ್ದು 0.5. ಇಪ್ಪತ್ತರಿಂದ ಗುಣಿಸಿದರೆ ರೈಟರಿಗೆ 1.4 ನಷ್ಟ, ಮೇಷ್ಟ್ರಿಗೆ 1.4 ಲಾಭ. ನಾಲ್ಕು ಗಂಟೆ ಹತ್ತು ನಿಮಿಷದ ಗಳಿಕೆ ಅಷ್ಟು. “ನನ್ನದೇ ಕಿತ್ಕೊಂಡ್ರಲ್ಲ ನೀವು” ಎಂದರು ರೈಟರು.

ಲಕೋಟೆಯಿಂದ ಫೋನು ಕೈಗೆ ಬರುವುದೇ ತಡ, ಚಪ್ಪರದಡಿಯ ಬೆಂಚಿನ ಮೇಲೆ ಕಾಯಿ ಹರಡಿತು. ಎಂಜಿನಿಯರಿಂಗ್ ಹುಡುಗರಲ್ಲೊಬ್ಬ ಫೋನಿನಲ್ಲಿ ಚೆಸ್ ಎಂಜಿನ್ ಹಚ್ಚಿ ನಡೆಗಳನ್ನು ಹಾಕತೊಡಗಿದ. ಒಂಬತ್ತರ ಸುಮಾರಿನ ನಡೆಯಲ್ಲಿ ಪರದೆಯ ಗೆರೆ ಕಪ್ಪಿನ ಕಡೆ ವಾಲಿತು. ರೈಟರ ಮುಖ ಅರಳಿತು.

“ಮೇಷ್ಟ್ರೇ! ಬಿ4 ಇತ್ತಲ್ರೀ!”

“ಗೊತ್ತಿತ್ತು.”

“ಗೊತ್ತಿದ್ದೂ?”

“ನೀವು ಏನೋ ಇಟ್ಟಿದೀರಿ ಅನ್ಕೊಂಡೆ.”

“ನಾನೇನು ಇಡ್ಲಿ ಮಾರಾಯ್ರೇ, ಎ3 ಆಡಿದೀನಿ ಅಂತಲೇ ಅನ್ಕೊಂಡಿದ್ದೆ. ಗಡಿಯಾರ ಒತ್ತಿದ ಮೇಲೆ ನೋಡ್ತೀನಿ, ಸಿಪಾಯಿ ಅಲ್ಲೇ ಕೂತಿದೆ. ಹದಿನೆಂಟು ನಿಮಿಷ ಉಸಿರು ಹಿಡ್ಕೊಂಡಿದ್ದೆ.”

ಹುಡುಗ ಮುಂದೆ ಹೋದ. ಗೆರೆ ನಿಧಾನವಾಗಿ ನಡುವಿಗೆ ಬಂತು, ಬಿಳಿಯ ಕಡೆ ಏರಿತು, ಐವತ್ತೆಂಟರಲ್ಲಿ ಪೂರ್ತಿ ಬಿಳಿಯಾಯಿತು. ಐವತ್ತೊಂಬತ್ತರಲ್ಲಿ ಆನೆ ಎಚ್ ಸಿಪಾಯಿಯನ್ನು ತಿಂದ ಕೂಡಲೇ ಸೊನ್ನೆಗೆ ಇಳಿದು ಅಲ್ಲೇ ನಿಂತಿತು. ಈ ಸಲ ಮೇಷ್ಟ್ರು ಏನೂ ಹೇಳಲಿಲ್ಲ, ಆದರೆ ಮೊಸರನ್ನದ ಸ್ಟಾಲಿನವನಿಗೆ ಎರಡು ಪ್ಲೇಟ್ ಹೇಳಿ, ದುಡ್ಡು ತಾವೇ ಕೊಟ್ಟರು.

“ಸಿಪಾಯಿ ಸುಮ್ನೆ ಬಿಟ್ಟಿದ್ರೆ?” ರೈಟರು ಹುಡುಗನನ್ನು ಕೇಳಿದರು.

“ಗೆಲ್ತಿದ್ರಿ ಅಂಕಲ್. ಕಿಂಗ್ ಕಟ್ ಆಫ್ ಆಗಿತ್ತು.”

“ಕಾವಲಿಲ್ದೆ ಬಿದ್ದಿದ್ದು ತಿನ್ಬಾರ್ದಾ?”

“ಅದೊಂದ್ಸಲ ತಿನ್ಬಾರ್ದಿತ್ತು.”

ನಾಲ್ಕು ಗಂಟೆಗೆ ಬಹುಮಾನ ವಿತರಣೆ. 1600ರ ಒಳಗಿನ ಮೊದಲ ಬಹುಮಾನ ನಲವತ್ತನೇ ಬೋರ್ಡಿನ ಹುಡುಗಿಗೆ ಹೋಯಿತು, ಆರು ಅಂಕ. ವೇದಿಕೆ ಹತ್ತುವಾಗ ದಿಂಬನ್ನು ಅಮ್ಮನ ಕೈಗೆ ಕೊಟ್ಟಿದ್ದಳು. ಹಿಂದಿನ ಸಾಲಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತ ಸಾಗರದವರು ಚಪ್ಪಾಳೆ ತಟ್ಟುತ್ತಲೇ ಮುಂದಿನ ಟೂರ್ನಿಯ ಮಾತಿಗಿಳಿದಿದ್ದರು: ಜೂನಿನಲ್ಲಿ ಮಂಗಳೂರು, ಮಳೆ ಹಿಡಿದರೂ ಸರಿ, ಬೇರೆ ಬೇರೆ ರೂಮು.